ಬಲಗೈಯ ಎರಡು ಕೆಲಸ

"ಎಷ್ಟು ವರ್ಷದಿಂದ ಬೈಕ್ ಓಡಿಸ್ತಿದ್ದೀಯ?" ಅಂತ ಉಸ್ತಾದ್ ಕೇಳಿದರು. "ಒಂಬತ್ತು ವರ್ಷ" ಅಂದೆ, ಸ್ವಲ್ಪ ಜಂಬದಿಂದಲೇ. ದುಬೈಗೆ ಬಂದು ಎರಡನೇ ವಾರ. ಡ್ರೈವಿಂಗ್ ಸ್ಕೂಲಿನ ಯಾರ್ಡ್‌ನಲ್ಲಿ ನಾವು ಎಂಟು ಜನ ಇದ್ದೆವು, ಪಾಕಿಸ್ತಾನದವರು, ನೇಪಾಳದವರು, ಕೇರಳದವರು, ಕನ್ನಡದವನು ನಾನೊಬ್ಬ. ಉಸ್ತಾದ್ ಪೇಶಾವರದ ಕಡೆಯವರು, ಬಿಳಿ ಗಡ್ಡ, ಮಾತು ಕಡಿಮೆ. ದೂರದಲ್ಲಿ ಎರಡು ಕೋನ್ ತೋರಿಸಿದರು. "40ರಲ್ಲಿ ಬಾ, ಆ ಕೋನ್ ಹತ್ತಿರ ಬ್ರೇಕ್ ಹಿಡಿ, ಈ ಗೆರೆ ದಾಟಬಾರದು."

ಬಂದೆ. ಬಲಗಾಲಲ್ಲಿ ಜೋರಾಗಿ ತುಳಿದೆ. ಹಿಂದಿನ ಚಕ್ರ ಕಿರ್ರೋ ಅಂತ ಉಜ್ಜಿಕೊಂಡು ಬಾಲ ಅಲ್ಲಾಡಿಸಿತು, ಗೆರೆ ದಾಟಿ ಇನ್ನೂ ಒಂದು ಬೈಕಿನಷ್ಟು ಮುಂದೆ ಹೋಗಿ ನಿಂತೆ. ಉಸ್ತಾದ್ ನಗಲಿಲ್ಲ, ಬೈಯಲೂ ಇಲ್ಲ. ಬಂದು ನನ್ನ ಬಲಗೈ ಹಿಡಿದು ಎತ್ತಿ ತೋರಿಸಿದರು. "ಒಂಬತ್ತು ವರ್ಷ ಈ ಕೈ ಮಲಗಿತ್ತು. ಇವತ್ತಿಂದ ಎಬ್ಬಿಸು."

ಆ ಮಾತು ಸರಿಯಾಗಿ ಅರ್ಥವಾಗೋಕೆ ನನಗೆ ಎರಡು ಸಲ ಯಾರ್ಡ್ ಟೆಸ್ಟ್ ಫೇಲಾಗಬೇಕಾಯ್ತು, ಒಂದು ಸಲ ಎಡ ಭುಜದ ಮೂಳೆ ಮುರೀಬೇಕಾಯ್ತು. ಈಗ ಡೆಲಿವರಿ ಬೈಕ್ ಮೇಲೆ ಐದನೇ ವರ್ಷ. ಊರಿಂದ ಹೊಸದಾಗಿ ಬರೋ ಹುಡುಗರು ನಮ್ಮ ರೂಮಿಗೆ ಬಂದು "ಅಣ್ಣ, ಬೈಕ್ ಕೆಲಸ ಸುಲಭ ಅಲ್ವಾ, ಊರಲ್ಲಿ ಓಡಿಸಿದ್ದೀನಿ" ಅನ್ನುವಾಗ ನನ್ನ ಆ ಜಂಬವೇ ಎದುರಿಗೆ ಬಂದು ಕೂತ ಹಾಗಾಗುತ್ತೆ. ಅದಕ್ಕೇ ಇದನ್ನ ಬರೀತಿದ್ದೀನಿ.

ನಮ್ಮೂರು ಮೂಡಿಗೆರೆ ಕಡೆ. ನಾನು ಬೈಕ್ ಕಲಿತದ್ದು ಶಾಲೆ ಮೈದಾನದಲ್ಲಿ, ಚಿಕ್ಕಪ್ಪನ ಸ್ಪ್ಲೆಂಡರ್‌ನಲ್ಲಿ. ಮೊದಲ ಪಾಠವೇ "ಮುಂದಿನ ಬ್ರೇಕ್ ಮುಟ್ಬೇಡ, ಪಲ್ಟಿ ಹೊಡೀತೀಯ." ಇದನ್ನ ಕೇಳದೆ ಬೈಕ್ ಕಲಿತವರು ನಮ್ಮ ಕಡೆ ಯಾರಾದ್ರೂ ಇದ್ದಾರಾ? ಅಪ್ಪ ಒಮ್ಮೆ ಜಲ್ಲಿ ರಸ್ತೆಯಲ್ಲಿ ಮುಂದಿನ ಬ್ರೇಕ್ ಹಿಡಿದು ಬಿದ್ದು ಮೊಣಕೈ ಕಿತ್ತುಕೊಂಡಿದ್ದರು. ಅವತ್ತಿಂದ ಅವರ ಟಿವಿಎಸ್ ಮೊಪೆಡ್‌ನ ಮುಂದಿನ ಬ್ರೇಕ್ ಕೇಬಲ್ಲೇ ಬಿಚ್ಚಿಸಿಬಿಟ್ಟರು. ಲಿವರ್ ಇತ್ತು, ಎಳೆದರೆ ಸಡಿಲವಾಗಿ ಹ್ಯಾಂಡಲ್‌ಗೆ ತಾಗುತ್ತಿತ್ತು, ಅಷ್ಟೆ.

ಆ ಭಯ ಸುಮ್ಮನೆ ಹುಟ್ಟಿದ್ದಲ್ಲ, ಅದನ್ನೂ ಹೇಳಬೇಕು. ಮಳೆಗಾಲದಲ್ಲಿ ಕೆಮ್ಮಣ್ಣು ರಸ್ತೆ, ಸಗಣಿ, ಪಾಚಿ, ಬಾಗಿದ ತಿರುವು. ಅಲ್ಲಿ ಮುಂದಿನ ಚಕ್ರ ಲಾಕ್ ಆದರೆ ಮುಗೀತು. 20-30ರ ವೇಗದಲ್ಲಿ ಹಿಂದಿನ ಡ್ರಮ್ ಬ್ರೇಕ್ ಒಂದರಲ್ಲೇ ಹೇಗೋ ನಡೆದುಹೋಗುತ್ತೆ. ಇನ್ನೊಂದು ಅಭ್ಯಾಸವೂ ಇತ್ತು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸೋಕೆ ನ್ಯೂಟ್ರಲ್‌ಗೆ ಹಾಕಿ ಬಿಡೋದು. ಎಂಜಿನ್ ಹಿಡಿತ ಇಲ್ಲ, ಇರೋದು ಹಿಂದಿನ ಡ್ರಮ್ ಒಂದೇ, ಅದು ಬಿಸಿಯಾಗ್ತಾ ಹೋದ ಹಾಗೆ ಕಾಲಿಗೆ ಪೊಳ್ಳು ಪೊಳ್ಳಾಗಿ ಸಿಗೋದು. ಹಾಗೆ ಇಳಿದೂ ಬದುಕಿದ್ದೀವಿ ಅಂದ್ರೆ ನಮ್ಮ ಮನೆದೇವರು ಗಟ್ಟಿ.

2019ರ ಏಪ್ರಿಲ್‌ನಿಂದ ಭಾರತದಲ್ಲಿ 125 ಸಿಸಿವರೆಗಿನ ಹೊಸ ಬೈಕ್, ಸ್ಕೂಟರ್‌ಗಳಿಗೆ ಕಾಂಬಿ ಬ್ರೇಕ್ ಕಡ್ಡಾಯವಾಗಿದೆ. ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತೆ. ಒಳ್ಳೇದೇ. ಆದರೆ ಅದರಲ್ಲಿ ಕಲಿತ ಹುಡುಗರ ಬಲಗೈ ಇನ್ನೂ ಗಾಢ ನಿದ್ರೆಯಲ್ಲಿರುತ್ತೆ. ಅವರಿಗೆ ಗೊತ್ತಿಲ್ಲದ ಹಾಗೆ ಯಂತ್ರ ಅವರ ಕೆಲಸ ಮಾಡಿರುತ್ತೆ.

ಇಲ್ಲಿಗೆ ಬಂದ ಮೇಲೆ ಕಥೆ ಬೇರೆ. ರಸ್ತೆ ಕನ್ನಡಿಯ ಹಾಗೆ, ಸುತ್ತ ಓಡೋ ಕಾರುಗಳು 100, 120. ಒಂದು ಲೆಕ್ಕ ಹೇಳ್ತೀನಿ, ನೀವೇ ಕಾಗದದ ಮೇಲೆ ಹಾಕಿ ನೋಡಬಹುದು. 60 ಕಿಲೋಮೀಟರ್ ವೇಗ ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್. ಮುಂದೆ ಏನೋ ಕಂಡು ಕೈ ಬ್ರೇಕಿಗೆ ಹೋಗೋಕೆ ಒಂದು ಸೆಕೆಂಡ್ ಅಂತ ಇಟ್ಟುಕೊಳ್ಳಿ, 17 ಮೀಟರ್ ಹೋಯ್ತು. ಒಣ ರಸ್ತೆಯಲ್ಲಿ ಎರಡೂ ಬ್ರೇಕ್ ಚೆನ್ನಾಗಿ ಹಿಡಿದರೆ ನಿಲ್ಲೋಕೆ ಇನ್ನೊಂದು 20 ಮೀಟರ್. ಒಟ್ಟು 37, ಅಂದ್ರೆ ನಮ್ಮ ಕೆಎಸ್ಆರ್‌ಟಿಸಿ ಬಸ್ ಮೂರು ಸಾಲಾಗಿ ನಿಲ್ಲಿಸಿದಷ್ಟು. 80ರಲ್ಲಿ ಅದೇ ಲೆಕ್ಕ 57 ಮೀಟರ್, ಹತ್ತಿರ ಹತ್ತಿರ ಐದು ಬಸ್. 100ರಲ್ಲಿ 83 ಮೀಟರ್, ಏಳು ಬಸ್. ಇದು ಚೆನ್ನಾಗಿ ಹಿಡಿದವರ ಲೆಕ್ಕ. ಹಿಂದಿನ ಬ್ರೇಕ್ ಒಂದನ್ನೇ ನಂಬಿದವನಿಗೆ ನಿಲ್ಲೋ ದೂರ ಹೆಚ್ಚುಕಮ್ಮಿ ಎರಡು ಪಟ್ಟು.

ಯಾಕೆ ಅಂದ್ರೆ, ಬ್ರೇಕ್ ಹಿಡಿದ ತಕ್ಷಣ ಬೈಕಿನ, ನಮ್ಮ, ಪೆಟ್ಟಿಗೆಯ ಎಲ್ಲರ ಭಾರ ಮುಂದಕ್ಕೆ ವಾಲುತ್ತೆ. ಬಸ್ ಬ್ರೇಕ್ ಹಾಕಿದಾಗ ನಿಂತವರೆಲ್ಲ ಡ್ರೈವರ್ ಕಡೆ ಓಡ್ತಾರಲ್ಲ, ಹಾಗೇ. ಮುಂದಿನ ಟೈರ್ ರಸ್ತೆಗೆ ಒತ್ತಿಕೊಳ್ಳುತ್ತೆ, ಹಿಂದಿನದು ಹಗುರಾಗುತ್ತೆ. ಹಗುರಾದ ಚಕ್ರಕ್ಕೆ ಎಷ್ಟು ಬ್ರೇಕ್ ಕೊಟ್ಟರೂ ಅದು ಜಾರುತ್ತೆ, ಅಷ್ಟೆ. ಒಣ ಡಾಂಬರಿನ ಮೇಲೆ ನಿಲ್ಲಿಸೋ ಶಕ್ತಿಯಲ್ಲಿ ಮುಕ್ಕಾಲು ಪಾಲು ಮುಂದಿನ ಚಕ್ರದ್ದು ಅಂತ ಉಸ್ತಾದ್ ಹೇಳಿದಾಗ ನನಗೆ ಚಿಕ್ಕಪ್ಪನ ಮುಖ ನೆನಪಾಯ್ತು.

ಹಾಗಾದರೆ ಮುಂದಿನ ಬ್ರೇಕ್ ಹಿಡಿದರೆ ಆಯ್ತಲ್ಲ? ಇಲ್ಲೇ ತೊಡಕು ಇರೋದು. ಮುಂದಿನ ಬ್ರೇಕ್ ಲಿವರ್ ಯಾವ ಕೈಯಲ್ಲಿದೆ? ಬಲಗೈಯಲ್ಲಿ. ಥ್ರಾಟಲ್, ನಾವು ಊರಲ್ಲಿ ಆಕ್ಸಿಲೇಟರ್ ಅಂತೀವಲ್ಲ, ಅದು? ಅದೂ ಬಲಗೈಯಲ್ಲೇ. ಓಡಿಸೋ ಕೆಲಸ, ನಿಲ್ಲಿಸೋ ಕೆಲಸ ಎರಡನ್ನೂ ಒಂದೇ ಕೈಗೆ ಕೊಟ್ಟಿದ್ದಾರೆ. ಬೆರಳು ಲಿವರ್ ಕಡೆ ಚಾಚಿದಾಗ ಅಂಗೈ ಥ್ರಾಟಲ್ ಮೇಲೆ ಹಾಗೇ ಇರುತ್ತೆ. ಗಾಬರಿಯಲ್ಲಿ ಬೆರಳು ಎಳೆದರೆ ಮಣಿಕಟ್ಟು ಕೆಳಗೆ ಬಗ್ಗುತ್ತೆ, ಥ್ರಾಟಲ್ ತಾನಾಗಿ ತೆರೆಯುತ್ತೆ. ಒಂದು ಕಡೆ ಬ್ರೇಕ್, ಒಂದು ಕಡೆ ರೇಸ್. ಎಂಜಿನ್ ಮುಂದಕ್ಕೆ ನೂಕುತ್ತೆ, ಬೈಕ್ ನಿಲ್ಲುತ್ತಿಲ್ಲ ಅಂತ ಗಾಬರಿ ಇನ್ನೂ ಜಾಸ್ತಿಯಾಗುತ್ತೆ, ಇನ್ನೂ ಗಟ್ಟಿ ಹಿಡೀತೀವಿ.

ಉಸ್ತಾದ್ ನನ್ನ ಮಣಿಕಟ್ಟನ್ನೇ ಮೊದಲು ಸರಿಮಾಡಿದರು. ಕೂತಾಗ ಮೊಣಕೈಯಿಂದ ಬೆರಳ ಗೆಣ್ಣಿನವರೆಗೆ ಹತ್ತಿರ ಹತ್ತಿರ ನೇರ ಗೆರೆ ಇರಬೇಕು, ಮಣಿಕಟ್ಟು ಮೇಲಕ್ಕೆ ಮಡಿಚಿಕೊಂಡು ಹಿಡೀಬಾರದು. ಆಮೇಲೆ ಬೈಕ್ ಆಫ್ ಮಾಡಿಸಿ ಸ್ಟ್ಯಾಂಡ್ ಹಾಕಿಸಿ ಅರ್ಧ ಗಂಟೆ ಒಂದೇ ಕೆಲಸ: ಥ್ರಾಟಲ್ ಪೂರ್ತಿ ಮುಚ್ಚು, ಆಮೇಲೆ ಬೆರಳು ಲಿವರ್ ಮೇಲೆ. ಲಿವರ್ ಪೂರ್ತಿ ಬಿಡು, ಆಮೇಲೆ ಥ್ರಾಟಲ್. ಮುಚ್ಚು, ಹಿಡಿ. ಬಿಡು, ತೆರೆ. ಪಕ್ಕದ ನೇಪಾಳಿ ಹುಡುಗ ನಗ್ತಾ ಇದ್ದ. ನನಗೂ ಸಿಟ್ಟು ಬಂದಿತ್ತು, ದುಡ್ಡು ಕೊಟ್ಟು ಬಂದು ನಿಂತ ಬೈಕ್ ಓಡಿಸ್ತಿದ್ದೀನಲ್ಲ ಅಂತ.

ಮರುದಿನ 20ರಲ್ಲಿ, ಆಮೇಲೆ 30ರಲ್ಲಿ. ಕಲಿಸಿದ ಕ್ರಮ ಹೀಗಿತ್ತು. ಥ್ರಾಟಲ್ ಮುಚ್ಚಿದ ಕೂಡಲೇ ಎಂಜಿನ್ನೇ ಸ್ವಲ್ಪ ಹಿಡಿಯುತ್ತೆ, ಭಾರ ಮುಂದೆ ಬರೋಕೆ ಶುರುವಾಗುತ್ತೆ. ಅದರ ಹಿಂದೆಯೇ ಮುಂದಿನ ಲಿವರನ್ನ ಎಳೀಬಾರದು, ಹಿಂಡಬೇಕು. ನಿಂಬೆಹಣ್ಣು ಹಿಂಡೋ ಹಾಗೆ, ಮೊದಲು ಮೆತ್ತಗೆ, ಬರ್ತಾ ಬರ್ತಾ ಗಟ್ಟಿ. ಮೆತ್ತಗೆ ಹಿಂಡಿದ ಆ ಅರೆಕ್ಷಣದಲ್ಲಿ ಮುಂದಿನ ಟೈರ್ ರಸ್ತೆಯನ್ನ ಕಚ್ಚಿಕೊಳ್ಳುತ್ತೆ, ಕಚ್ಚಿದ ಮೇಲೆ ಎಷ್ಟು ಬೇಕಾದರೂ ತಡೆಯುತ್ತೆ. ಕಚ್ಚೋಕೆ ಮುಂಚೆಯೇ ಜಗ್ಗಿದರೆ ಜಾರುತ್ತೆ. ಅಪ್ಪ ಬಿದ್ದದ್ದು ಜಲ್ಲಿಯ ಮೇಲೆ ಹಾಗೆ ಜಗ್ಗಿಯೇ. ಹಿಂದಿನ ಬ್ರೇಕ್ ಜೊತೆಗಿರಲಿ, ಆದರೆ ಮುಂದಿನದು ಗಟ್ಟಿಯಾದ ಹಾಗೆ ಕಾಲು ಹಗುರ ಮಾಡಬೇಕು. ನಿಲ್ಲೋ ಹೊತ್ತಿಗೆ ಮುಂದಿನದನ್ನೂ ಸ್ವಲ್ಪ ಸಡಿಲ, ಇಲ್ಲದಿದ್ದರೆ ಮೂತಿ ಮುಗ್ಗರಿಸಿ ನಿಲ್ಲುತ್ತೆ. ಅಕಸ್ಮಾತ್ ಮುಂದಿನ ಚಕ್ರ ಲಾಕ್ ಆಯ್ತು ಅನಿಸಿದರೆ ತಕ್ಷಣ ಬಿಟ್ಟು ಮತ್ತೆ ಹಿಂಡು. ಕಣ್ಣು ದೂರದಲ್ಲಿ, ಚಕ್ರದ ಮುಂದೆ ಅಲ್ಲ.

ಕ್ಲಚ್ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಬೈಗುಳ ಸಿಕ್ಕಿದ್ದು. ಬ್ರೇಕ್ ಅಂದ್ರೆ ನನ್ನ ಎಡಗೈ ತಾನಾಗಿ ಕ್ಲಚ್ ಹಿಡಿದುಬಿಡ್ತಿತ್ತು, ಚಾರ್ಮಾಡಿಯ ನ್ಯೂಟ್ರಲ್ ಅಭ್ಯಾಸದ ತಮ್ಮ. ಕ್ಲಚ್ ಹಿಡಿದರೆ ಎಂಜಿನ್ ಹಿಡಿತ ಹೋಯ್ತು, ಬೈಕ್ ತೇಲುತ್ತೆ. ಬ್ರೇಕ್ ಮೊದಲು, ಕ್ಲಚ್ ಕೊನೆಗೆ, ವೇಗ ಇಳಿದ ಹಾಗೆ ಒಂದೊಂದೇ ಗೇರ್ ಇಳಿಸಿ ನಿಲ್ಲುವಾಗ ಫಸ್ಟ್‌ನಲ್ಲಿರಬೇಕು. ಸಿಗ್ನಲ್‌ನಲ್ಲಿ ಹಿಂದಿನಿಂದ ಯಾರಾದ್ರೂ ನುಗ್ಗಿ ಬಂದರೆ ತಪ್ಪಿಸಿಕೊಂಡು ಮುಂದೆ ಹೋಗೋಕೆ ಗೇರ್ ಬೇಕಲ್ಲ. ಇದು ಕನ್ನಡಿಯಲ್ಲಿ ನೋಡುವ ಅಭ್ಯಾಸ ಇದ್ದವನಿಗೆ ಒಂದಲ್ಲ ಒಂದು ದಿನ ಪ್ರಾಣ ಉಳಿಸುತ್ತೆ.

ಇಷ್ಟೆಲ್ಲ ಕಲಿತು ಟೆಸ್ಟಿಗೆ ಹೋಗಿ ಫೇಲಾದೆ. ಜೋರಾಗಿ ನಿಲ್ಲಿಸೋದರಲ್ಲಿ ಅಲ್ಲ, ನಿಧಾನ ಹೋಗೋದರಲ್ಲಿ. ಕೋನ್‌ಗಳ ನಡುವೆ ಹಾವಿನ ಹಾಗೆ ಹೋಗಬೇಕು, ಎಂಟರ ಆಕಾರ ಬಿಡಿಸಬೇಕು, ಕಾಲು ನೆಲಕ್ಕೆ ತಾಗಬಾರದು. ನಾನು ಥ್ರಾಟಲ್ ಕೊಡ್ತೀನಿ, ಬೈಕ್ ಮುಂದೆ ಹಾರುತ್ತೆ. ಹೆದರಿ ಮುಂದಿನ ಬ್ರೇಕ್ ಹಿಡಿತೀನಿ, ಹ್ಯಾಂಡಲ್ ತಿರುಗಿರೋದರಿಂದ ಬೈಕ್ ಪಕ್ಕಕ್ಕೆ ಧೊಪ್ ಅಂತ ಮಲಗುತ್ತೆ. ಎರಡನೇ ಸಲವೂ ಅದೇ ಜಾಗ, ಅದೇ ಕೋನ್. ಪ್ರತಿ ಸಲ ಮತ್ತೆ ಕ್ಲಾಸು, ಮತ್ತೆ ಫೀಸು. ಊರಲ್ಲಿ ಅಮ್ಮ ಚೀಟಿ ದುಡ್ಡು ಎತ್ತಿ ಕಳಿಸಿದ್ದು ಹಾಗೆ ಕರಗಿತು. "ಲೈಸನ್ಸ್ ಆಯ್ತಾ" ಅಂತ ಫೋನಲ್ಲಿ ಕೇಳಿದರೆ "ಇಲ್ಲಿ ರೂಲ್ಸ್ ಜಾಸ್ತಿ ಅಮ್ಮ" ಅಂತಿದ್ದೆ.

ಉಸ್ತಾದ್ ಹತ್ತಿರ ಹೋದೆ. ಅವರು ಹೇಳಿದ್ದು ಮೊದಲು ಹೇಳಿದ್ದರ ತಿರುಗಾ ಮುರುಗಾ. "ಈಗ ಬಲಗೈ ಮಲಗಲಿ, ಬಲಗಾಲು ಎದ್ದೇಳಲಿ." ನಿಧಾನದಲ್ಲಿ ಥ್ರಾಟಲನ್ನ ಸ್ವಲ್ಪ ಮೇಲೆ ಇಟ್ಟು ಅಲ್ಲೇ ಕಟ್ಟಿಹಾಕಿದ ಹಾಗೆ ಹಿಡಿಯಬೇಕು, ಏರಿಳಿತ ಬೇಡ. ಕ್ಲಚ್ ಅರ್ಧದಲ್ಲಿ, ಕಚ್ಚೋದಕ್ಕೂ ಬಿಡೋದಕ್ಕೂ ನಡುವೆ. ಹಿಂದಿನ ಬ್ರೇಕನ್ನ ಕಾಲಲ್ಲಿ ಸವರ್ತಾ ಇರಬೇಕು. ಎಂಜಿನ್ ಎಳೀತಿರುತ್ತೆ, ಹಿಂದಿನ ಬ್ರೇಕ್ ತಡೀತಿರುತ್ತೆ, ಎರಡರ ನಡುವೆ ಹಗ್ಗ ಬಿಗಿದ ಹಾಗೆ ಬೈಕ್ ನೆಟ್ಟಗೆ ನಿಲ್ಲುತ್ತೆ. ವೇಗ ಬೇಕಾದರೆ ಕಾಲು ಸಡಿಲ, ಬೇಡವಾದರೆ ಕಾಲು ಒತ್ತು. ಮುಂದಿನ ಬ್ರೇಕ್ ಮಾತ್ರ ಬೇಡ.

ಮೂರನೇ ದಿನ ಇದ್ದಕ್ಕಿದ್ದ ಹಾಗೆ ಬಂತು. ಸೈಕಲ್ ಬ್ಯಾಲೆನ್ಸ್ ಬಂದ ದಿನದ ಖುಷಿ ನೆನಪಿದೆಯಾ, ಅದೇ ಖುಷಿ. ಇವತ್ತಿಗೂ ಕರಾಮಾದ ಗಲ್ಲಿಗಳಲ್ಲಿ, ಮಾಲ್‌ಗಳ ಬೇಸ್‌ಮೆಂಟ್ ತಿರುವುಗಳಲ್ಲಿ, ಕಾರುಗಳ ನಡುವೆ ಜನ ನಡೆದು ಬರುವಾಗ ಅದೇ ಮೂರು ಕೆಲಸ: ಕಟ್ಟಿಹಾಕಿದ ಥ್ರಾಟಲ್, ಅರ್ಧ ಕ್ಲಚ್, ಸವರೋ ಹಿಂದಿನ ಬ್ರೇಕ್. ಊರಲ್ಲಿ ಹೇಳಿಕೊಟ್ಟಿದ್ದು ಪೂರ್ತಿ ಸುಳ್ಳಾಗಿರಲಿಲ್ಲ, ಅದು ಬರೀ ಹತ್ತು ಕಿಲೋಮೀಟರ್ ವೇಗದ ಸತ್ಯ.

ಇನ್ನು ನನ್ನ ಭುಜದ ಕಥೆ. ಕೆಲಸಕ್ಕೆ ಸೇರಿ ಎರಡನೇ ವರ್ಷ, ಮಾರ್ಚ್ ಕೊನೆ. ಎರಡು ದಿನ ಶಮಾಲ್ ಗಾಳಿ ಬೀಸಿ ನಿಂತಿತ್ತು. ಈ ಗಾಳಿ ಬಂದು ಹೋದ ಮೇಲೆ ರಸ್ತೆಯ ಅಂಚಿನಲ್ಲಿ, ರೌಂಡಬೌಟ್‌ಗಳಲ್ಲಿ ಕಾರಿನ ಚಕ್ರ ಹೋಗದ ಜಾಗದಲ್ಲಿ ಸಣ್ಣ ಮರಳು ಪುಡಿ ಕೂತಿರುತ್ತೆ. ಹಿಟ್ಟಿನಷ್ಟು ನುಣುಪು, ರಸ್ತೆಯದೇ ಬಣ್ಣ, ಕಾಣೋದೇ ಇಲ್ಲ. ರಾತ್ರಿ ಒಂಬತ್ತರ ಹೊತ್ತು, ಎರಡು ಆರ್ಡರ್ ಒಟ್ಟಿಗೆ, ಮೊದಲನೆಯದು ಆಗಲೇ ತಡವಾಗಿ ಫೋನಿನಲ್ಲಿ ಕೆಂಪು ತೋರಿಸ್ತಾ ಇತ್ತು. ರೌಂಡಬೌಟ್‌ಗೆ 40ರಲ್ಲಿ ನುಗ್ಗಿದೆ. ಇಲ್ಲಿ ಬಲಗಡೆ ಟ್ರಾಫಿಕ್ ಆದ್ದರಿಂದ ರೌಂಡಬೌಟನ್ನ ಎಡಕ್ಕೆ ವಾಲಿ ಸುತ್ತಬೇಕು, ಊರಿನದಕ್ಕೆ ಪೂರಾ ಉಲ್ಟಾ. ನಾನು ಹೊರಗಿನ ಲೇನ್‌ನಲ್ಲಿ ವಾಲಿಕೊಂಡಿದ್ದೆ. ಒಳಗಿನ ಲೇನ್‌ನ ಕಾರು ನನ್ನ ಮುಂದೆ ಅಡ್ಡ ಬಂದು ಹೊರಗೆ ಹೋಗೋಕೆ ತಿರುಗಿಸಿತು. ಅದೇ ಹೊತ್ತಿಗೆ ಫೋನ್ ಕುಂಯ್ ಅಂದಿತು.

ಒಂಬತ್ತು ವರ್ಷ ಮಲಗಿದ್ದ ಕೈ ಈಗ ಚೆನ್ನಾಗಿ ಎದ್ದಿತ್ತಲ್ಲ. ನಾಲ್ಕೂ ಬೆರಳಲ್ಲಿ ಮುಂದಿನ ಬ್ರೇಕ್ ಜಗ್ಗಿತು. ಮಣಿಕಟ್ಟು ಬಗ್ಗಿ ಥ್ರಾಟಲ್ ತೆರೆದಿತ್ತು ಅನ್ನೋದು ಎಂಜಿನ್ ಕಿರುಚಿದ ಸದ್ದಿನಿಂದ ಆಮೇಲೆ ನೆನಪಾಯ್ತು. ಮುಂದಿನ ಚಕ್ರ ಮರಳಿನ ಮೇಲೆ ಹೋಗೇಬಿಟ್ಟಿತು. ಎಡಗಡೆ ಬಿದ್ದೆ, ಪೆಟ್ಟಿಗೆ ನನ್ನ ಮೇಲೆ. ಯಾರದೋ ಬಿರಿಯಾನಿ ರಸ್ತೆ ತುಂಬಾ. ಕಾರಿನವನು ನಿಲ್ಲಿಸಲಿಲ್ಲ, ನಿಲ್ಲಿಸಿ ಎತ್ತಿದ್ದು ಇನ್ನೊಂದು ಕಂಪನಿಯ ಬಾಂಗ್ಲಾದೇಶಿ ರೈಡರ್. ಅವನ ಆರ್ಡರೂ ಅವತ್ತು ತಡವಾಗಿರುತ್ತೆ.

ಏಳು ವಾರ ಕೈ ಕಟ್ಟಿಕೊಂಡು ರೂಮಿನಲ್ಲಿ ಕೂತೆ. ಆಗ ನಮ್ಮ ರೂಮಿನ ಗದಗದ ಅಣ್ಣ, ಅಕೌಂಟ್ಸ್ ಕೆಲಸದವರು, ಒಂದು ಮಾತು ಹೇಳಿದರು. ಅವರು ಬೈಕ್ ಓಡಿಸಿದವರೇ ಅಲ್ಲ, ನಾನು ವಿವರಿಸಿದ್ದನ್ನ ಕೇಳಿ ಹೇಳಿದ್ದು. "ನಿನ್ನ ಟೈರಿನ ಹಿಡಿತ ಅಂದ್ರೆ ನಮ್ಮ ಸಂಬಳ ಇದ್ದಂಗ ಬಿಡು. ತಿಂಗಳಿಗೆ ಇಷ್ಟ ಅಂತ ಫಿಕ್ಸ್. ಊರಿಗೆ ಕಳಿಸೂದು, ಮೆಸ್ಸು, ಬಾಡಿಗಿ ಎಲ್ಲಾ ಅದರಾಗ ಆಗಬೇಕು. ತಿರುವಿನಾಗ ವಾಲಿದಿ ಅಂದ್ರ ಅರ್ಧ ಸಂಬಳ ಅಲ್ಲೇ ಖರ್ಚಾತು. ಮ್ಯಾಲೆ ಬ್ರೇಕಿಗೆ ಪೂರ್ತಿ ಸಂಬಳ ಕೇಳಿದರ ಎಲ್ಲಿಂದ ಕೊಡತದ?" ಉಸ್ತಾದ್ ಕೂಡ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಮರಳು ಬಿದ್ದಿದ್ದರೆ ಸಂಬಳವೇ ಕಟ್ ಆದ ತಿಂಗಳು ಅದು.

ಹಾಗಾಗಿ ಈಗ ನನ್ನ ಲೆಕ್ಕ ಇಷ್ಟೇ. ಬ್ರೇಕಿನ ಕೆಲಸ ಎಲ್ಲ ತಿರುವಿಗೆ ಮುಂಚೆ, ಬೈಕ್ ನೆಟ್ಟಗಿರುವಾಗ ಮುಗೀಬೇಕು. ವಾಲಿದ ಮೇಲೆ ಥ್ರಾಟಲ್ ಸಣ್ಣಗೆ, ಒಂದೇ ಸಮ, ಬೈಕ್ ತೇಲದ ಹಾಗೆ ಎಳೆದುಕೊಂಡು ಹೋಗುವಷ್ಟು. ತಿರುವು ಬಿಚ್ಚಿಕೊಂಡು ಬೈಕ್ ಎದ್ದ ಹಾಗೆ ಥ್ರಾಟಲ್ ಜಾಸ್ತಿ. ನಡುವೆ ಏನಾದರೂ ಅಡ್ಡ ಬಂದರೆ ಮೊದಲು ಬೈಕನ್ನ ನೆಟ್ಟಗೆ ಮಾಡು, ಆಮೇಲೆ ಹಿಂಡು. ರೇಸಿನವರು ತಿರುವಿನೊಳಗೂ ಬ್ರೇಕ್ ಹಿಡಿದು ಹೋಗ್ತಾರೆ, ವೀಡಿಯೋ ನೋಡಿ ನಮ್ಮ ಹುಡುಗರು ಅದನ್ನೂ ಕೇಳ್ತಾರೆ. ಅವರ ಬೈಕ್ ಹಿಂದೆ ಪೆಟ್ಟಿಗೆ ಇಲ್ಲ, ಅವರ ರಸ್ತೆಯಲ್ಲಿ ಮರಳಿಲ್ಲ.

ಪೆಟ್ಟಿಗೆಯ ವಿಷಯ ಬಂತಲ್ಲ. ಅದು ಹಿಂದೆ, ಎತ್ತರದಲ್ಲಿ ಕೂತಿರುತ್ತೆ. ಅದರಿಂದ ಮುಂದಿನ ಚಕ್ರದ ಮೇಲಿನ ಭಾರ ಸ್ವಲ್ಪ ಕಡಿಮೆ, ಬ್ರೇಕ್ ಹಿಡಿದಾಗ ಮುಂದಕ್ಕೆ ವಾಲೋ ತೂಗಾಟ ಜಾಸ್ತಿ. ಶೇಖ್ ಮೊಹಮ್ಮದ್ ಬಿನ್ ಝಾಯೆದ್ ರೋಡಿನಂಥ ಬಯಲಿನಲ್ಲಿ ಅಡ್ಡಗಾಳಿ ಬಂದರೆ ಪೆಟ್ಟಿಗೆ ಹಾಯಿಯ ಹಾಗೆ ಎಳೆಯುತ್ತೆ, ಆಗ ಗಟ್ಟಿ ಹಿಡಿದ ಬಲಗೈ ಗೊತ್ತಿಲ್ಲದೇ ಥ್ರಾಟಲ್ ಏರಿಸ್ತಾ ಇರುತ್ತೆ. ತೊಡೆಯಲ್ಲಿ ಟ್ಯಾಂಕ್ ಒತ್ತಿ ಹಿಡಿದರೆ ಕೈ ಸಡಿಲ ಇಡಬಹುದು. ದುಬೈನಲ್ಲಿ 2025ರ ನವೆಂಬರ್ 1ರಿಂದ ಡೆಲಿವರಿ ಬೈಕ್‌ಗಳು ಐದು ಅಥವಾ ಹೆಚ್ಚು ಲೇನ್ ಇರೋ ರಸ್ತೆಯಲ್ಲಿ ಎಡತುದಿಯ ಎರಡು ಲೇನ್‌ಗೆ, ಮೂರು-ನಾಲ್ಕು ಲೇನ್ ಇದ್ದಲ್ಲಿ ಎಡತುದಿಯ ಒಂದು ಲೇನ್‌ಗೆ ಹೋಗೋ ಹಾಗಿಲ್ಲ. ಕೆಲವರಿಗೆ ಇದರ ಮೇಲೆ ಸಿಟ್ಟಿದೆ. ನನಗಿಲ್ಲ. ಏಳು ಬಸ್ಸಿನ ಲೆಕ್ಕ ಆ ಲೇನ್‌ಗಳಲ್ಲಿ ಯಾರಿಗೂ ಸಿಗಲ್ಲ.

ಬೈಕಿನ ತಪ್ಪಿಂದ ಕೈ ಕಲಿಯದೇ ಇರೋದೂ ಉಂಟು. ಥ್ರಾಟಲ್ ಕೇಬಲ್ ಸಡಿಲ ಇದ್ದರೆ ಮೊದಲು ಏನೂ ಆಗಲ್ಲ, ಆಮೇಲೆ ಒಮ್ಮೆಗೇ ಜಿಗಿಯುತ್ತೆ. ಸಾಮಾನ್ಯವಾಗಿ ಎರಡರಿಂದ ಆರು ಮಿಲಿಮೀಟರ್ ಆಟ ಇರಬೇಕು, ನಿಮ್ಮ ಬೈಕಿನ ಪುಸ್ತಕ ನೋಡಿ. ಚೈನ್ ಜೋತಾಡ್ತಿದ್ದರೂ ಹಾಗೇ: ಥ್ರಾಟಲ್ ಮುಚ್ಚಿದಾಗ ಒಂದು ಧಕ್ಕೆ, ತೆರೆದಾಗ ಒಂದು ಧಕ್ಕೆ. ಇಲ್ಲಿನ ಮರಳು ಚೈನಿಗೆ ಅಂಟಿ ಬೇಗ ಸವೆಸುತ್ತೆ. ಕಂಪನಿ ಬೈಕ್ ಅಂತ ಸುಮ್ಮನಿರಬೇಡಿ, ವಾರಕ್ಕೊಮ್ಮೆ ನೀವೇ ಒರೆಸಿ ಎಣ್ಣೆ ಹಾಕಿ. ಬ್ರೇಕ್ ಲಿವರ್ ಸ್ಪಂಜಿನ ಹಾಗೆ ಮೆತ್ತಗಾದರೆ ಅವತ್ತೇ ಗ್ಯಾರೇಜಿಗೆ ಬಿಡಿ, ನಾಳೆ ಅನ್ನಬೇಡಿ.

ಮಳೆ ಅಂತೂ ಇಲ್ಲಿ ಅಪರೂಪ, ಅದೇ ಅಪಾಯ. ತಿಂಗಳುಗಟ್ಟಲೆ ಬಿದ್ದ ಎಣ್ಣೆ, ರಬ್ಬರ್ ಪುಡಿ, ಧೂಳು ಎಲ್ಲ ಮೊದಲ ಹನಿಗೆ ಸೋಪಿನ ಹಾಗೆ ಏಳುತ್ತೆ. 2024ರ ಏಪ್ರಿಲ್ 16ರಂದು ದುಬೈ ಮುಳುಗಿದ್ದು ಎಲ್ಲರಿಗೂ ನೆನಪಿದೆ. ಮಲೆನಾಡಿನ ಮಳೆ ಕಂಡವನು ನಾನು ಅಂತ ಹೊರಟು ಅವತ್ತು ಅರ್ಧ ಗಂಟೆಯಲ್ಲಿ ಬೈಕ್ ನೂಕಿಕೊಂಡು ವಾಪಸ್ ಬಂದೆ. ಒದ್ದೆ ರಸ್ತೆಯಲ್ಲಿ ಹಿಂಡೋದನ್ನ ಬೇಗ ಶುರುಮಾಡಿ, ಇನ್ನೂ ಮೆತ್ತಗೆ, ಅಂತರ ಎರಡು ಪಟ್ಟು. ಬಿಳಿ ಪಟ್ಟೆ ಮತ್ತು ಕಬ್ಬಿಣದ ಮುಚ್ಚಳದ ಮೇಲೆ ಬ್ರೇಕೂ ಬೇಡ, ಥ್ರಾಟಲೂ ಬೇಡ.

ಬಿದ್ದವರಿಗೆ ಒಂದು ಮಾತು, ಏಕೆಂದರೆ ನನಗೆ ಆಗ ಯಾರೂ ಹೇಳಿರಲಿಲ್ಲ. ನನ್ನನ್ನ ಕೆಲಸಕ್ಕಿಟ್ಟವರು "ನಿಂದೇ ತಪ್ಪು, ಡ್ಯೂಟಿ ಇಲ್ಲ ಅಂದ್ರೆ ಸಂಬಳ ಇಲ್ಲ" ಅಂದರು, ನಾನು ತಲೆ ಆಡಿಸಿ ಸುಮ್ಮನಾದೆ. ಯುಎಇಯ 2021ರ 33ನೇ ಕಾರ್ಮಿಕ ಕಾನೂನಿನ ಪ್ರಕಾರ ಕೆಲಸದ ವೇಳೆ ಗಾಯವಾದರೆ ಚಿಕಿತ್ಸೆಯ ಖರ್ಚು ಕೆಲಸ ಕೊಟ್ಟವರದ್ದು. ಕೆಲಸ ಮಾಡಲಾಗದ ಅವಧಿಗೆ ಆರು ತಿಂಗಳವರೆಗೆ ಪೂರ್ತಿ ಸಂಬಳ, ಆಮೇಲೂ ಗುಣವಾಗದಿದ್ದರೆ ಇನ್ನಾರು ತಿಂಗಳು ಅರ್ಧ ಸಂಬಳ. ನಿಮ್ಮ ಕಾಂಟ್ರಾಕ್ಟ್ ಪ್ರತಿ, ಆಸ್ಪತ್ರೆ ಚೀಟಿ, ಪೊಲೀಸ್ ರಿಪೋರ್ಟ್ ಮೂರನ್ನೂ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಅಮ್ಮನಿಗೆ ಹೇಳೋದು ಬಿಡೋದು ನಿಮ್ಮಿಷ್ಟ; ನಾನು ಏಳು ವಾರ ವೀಡಿಯೋ ಕಾಲ್ ಕೆಟ್ಟುಹೋಗಿದೆ ಅಂದಿದ್ದೆ.

ಈಗ ನಮ್ಮ ರೂಮಿಗೆ ಹೊಸ ಹುಡುಗ ಬಂದರೆ ಭಾನುವಾರ ಬೆಳಿಗ್ಗೆ, ಬಿಸಿಲೇರೋಕೆ ಮುಂಚೆ, ಪರಿಚಯದವರ ಗೋದಾಮಿನ ಖಾಲಿ ಅಂಗಳಕ್ಕೆ ಕರೆದುಕೊಂಡು ಹೋಗ್ತೀವಿ. ಮಾಲೀಕರ ಅನುಮತಿ ಕೇಳಿಯೇ. ನೀರು ತುಂಬಿದ ಬಾಟಲಿಗಳೇ ಕೋನ್, ಸೀಮೆಸುಣ್ಣದ ಗೆರೆ. 20ರಲ್ಲಿ ಹತ್ತು ಸಲ, 30ರಲ್ಲಿ ಹತ್ತು ಸಲ, 40ರಲ್ಲಿ ಹತ್ತು ಸಲ, ನಿಂತ ಜಾಗಕ್ಕೆ ಗುರುತು ಹಾಕೋದು. ಆಮೇಲೆ ಬಾಟಲಿಗಳ ನಡುವೆ ನಿಧಾನ. ಎಲ್ಲಕ್ಕಿಂತ ಕಷ್ಟದ್ದು ಕೊನೆಗೆ: ಹುಡುಗ 30ರಲ್ಲಿ ಬರುವಾಗ ಗದಗದ ಅಣ್ಣ ಫೋನಿನಿಂದ ಆರ್ಡರ್ ಸದ್ದು ಬಾರಿಸ್ತಾರೆ, ನಾನು ಕೈ ಎತ್ತುತ್ತೀನಿ. ಕೈ ಎತ್ತಿದರೆ ನಿಲ್ಲಬೇಕು, ಸದ್ದಿಗೆ ಏನೂ ಮಾಡಬಾರದು. ಮೊದಲ ದಿನ ಎಲ್ಲರೂ ಸದ್ದಿಗೆ ಥ್ರಾಟಲ್ ಏರಿಸ್ತಾರೆ. ಒಬ್ಬನೂ ತಪ್ಪಿಲ್ಲ. ಬೆರಳು ಎರಡೋ ನಾಲ್ಕೋ ಅನ್ನೋ ಜಗಳ ನಮ್ಮಲ್ಲಿನ್ನೂ ಇದೆ. ಸ್ಕೂಲಿನಲ್ಲಿ ನಾಲ್ಕು ಕಲಿಸ್ತಾರೆ, ಡಿಸ್ಕ್ ಚೆನ್ನಾಗಿದ್ದರೆ ನನಗೆ ಎರಡು ಸಾಕು, ಉಳಿದೆರಡು ಥ್ರಾಟಲನ್ನ ಮುಚ್ಚಿ ಹಿಡಿದಿರುತ್ತವೆ. ಟೆಸ್ಟ್ ಪಾಸಾಗೋವರೆಗೆ ಸ್ಕೂಲ್ ಹೇಳಿದ ಹಾಗೆ ಮಾಡಿ.

ಹೋದ ವರ್ಷ ರಜೆಗೆ ಊರಿಗೆ ಹೋಗಿದ್ದೆ. ಅಕ್ಕನ ಮಗನಿಗೆ ಹದಿನೆಂಟು ತುಂಬಿ ಎಲ್ಎಲ್ ಆಗಿತ್ತು. ಅದೇ ಶಾಲೆ ಮೈದಾನ, ಅದೇ ಚಿಕ್ಕಪ್ಪನ ಹಳೇ ಸ್ಪ್ಲೆಂಡರ್. ಹುಡುಗ ಹತ್ತಿ ಕೂತ ಕೂಡಲೇ ಕಟ್ಟೆ ಮೇಲಿಂದ ಅಪ್ಪನ ದನಿ ಬಂತು, "ಮುಂದಿನ ಬ್ರೇಕ್ ಮುಟ್ಬೇಡ!" ನಾನು ಏನೂ ವಾದ ಮಾಡಲಿಲ್ಲ. ತೆಂಗಿನ ಸಿಪ್ಪೆ ಸಾಲಾಗಿ ಇಟ್ಟೆ, ಕಾಲಲ್ಲಿ ಗೆರೆ ಎಳೆದೆ. ಬರೀ ಕಾಲಲ್ಲಿ ನಿಲ್ಲಿಸು ಅಂದೆ, ನಿಂತ ಕಡೆ ಒಂದು ಸಿಪ್ಪೆ. ಆಮೇಲೆ ಒಂದು ಗಂಟೆ ನಿಂತ ಬೈಕಿನಲ್ಲಿ ಮುಚ್ಚು-ಹಿಡಿ, ಬಿಡು-ತೆರೆ ಮಾಡಿಸಿ, ಈಗ ಎರಡೂ ಸೇರಿಸಿ ಹಿಂಡು ಅಂದೆ. ಒಣ ಗಟ್ಟಿ ನೆಲ. ಎರಡನೇ ಸಿಪ್ಪೆ ಮೊದಲನೆಯದಕ್ಕಿಂತ ಆರು ಹೆಜ್ಜೆ ಹಿಂದೆ ಬಿತ್ತು. ಅಪ್ಪ ಕಟ್ಟೆಯಿಂದ ಇಳಿದು ಬಂದು ಆ ಎರಡು ಸಿಪ್ಪೆಯ ನಡುವೆ ಹೆಜ್ಜೆ ಹಾಕಿ ಅಳೆದರು, ಏನೂ ಹೇಳದೆ ಮನೆ ಕಡೆ ನಡೆದರು.

ಎರಡು ದಿನ ಬಿಟ್ಟು ಪೇಟೆಯಿಂದ ಬಂದಾಗ ಅವರ ಮೊಪೆಡ್‌ಗೆ ಹೊಸ ಕೇಬಲ್ ಇತ್ತು, ಮುಂದಿನ ಬ್ರೇಕಿಗೆ.